ಎಫ್‌1 ರೇಸ್ ಮತ್ತೆ ಭಾರತಕ್ಕೆ ಬರಬೇಕಾ? ಬಂದ್ರೆ ಎಲ್ಲಿಗೆ, ಯಾರ ದುಡ್ಡಲ್ಲಿ?

ಇಯರ್‌ಫೋನ್ ಹಾಕ್ಕೊಂಡು ಕೇಳೋಕೆ ಆಗದೆ ಇರೋರಿಗಾಗಿ ಈ ವಾರದ ಎಪಿಸೋಡ್ ಬರಹದ ರೂಪದಲ್ಲಿ ಇಲ್ಲಿದೆ. ಮಾತಿನ ಧಾಟಿ ಹಾಗೇ ಉಳಿಸಿದ್ದೀನಿ, ಲೆಕ್ಕಗಳನ್ನ ಮಾತ್ರ ಇನ್ನೊಂದ್ಸಲ ಚೆಕ್ ಮಾಡಿದ್ದೀನಿ.

ಹಾಸನದಿಂದ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. "ಅಕ್ಕಾ, ಸಿಂಗಾಪುರ ಅಂದ್ರೆ ಹೆಚ್ಚುಕಮ್ಮಿ ನಮ್ ಬೆಂಗಳೂರಿನಷ್ಟೇ ಜಾಗ. ಅಲ್ಲಿ ವರ್ಷಾ ವರ್ಷಾ ಎಫ್‌1 ರೇಸ್ ಆಗುತ್ತೆ. ಇಷ್ಟು ದೊಡ್ಡ ದೇಶ ನಮ್ದು, ನಮ್ ಕೈಲಿ ಯಾಕಾಗಲ್ಲ?" ಕೇಳಿದ ರೀತಿಯಲ್ಲಿ ಸ್ವಲ್ಪ ಕೋಪಾನೂ ಇತ್ತು. ಆ ಕೋಪ ನಂಗೆ ಅರ್ಥ ಆಗುತ್ತೆ, ಯಾಕಂದ್ರೆ 2011ರಲ್ಲಿ ನಾನೂ ಟಿವಿ ಮುಂದೆ ಕೂತಿದ್ದೆ.

ಈಗ ಕಾಲೇಜಲ್ಲಿ ಇರೋರಿಗೆ ನೆನಪಿರಲ್ಲ, ಆದ್ರೆ ನಮ್ಮ ಕೈಲಿ ಆಗಿತ್ತು. 2011, 2012, 2013, ಮೂರು ವರ್ಷ ಭಾರತದಲ್ಲಿ ಎಫ್‌1 ರೇಸ್ ನಡೀತು. ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ, ಬುದ್ಧ್ ಇಂಟರ್‌ನ್ಯಾಷನಲ್ ಸರ್ಕಿಟ್‌ನಲ್ಲಿ. ಮೂರೂ ಸಲ ಗೆದ್ದಿದ್ದು ಸೆಬಾಸ್ಟಿಯನ್ ವೆಟಲ್. ಮೊದಲ ವರ್ಷ ನಮ್ಮ ನಾರಾಯಣ್ ಕಾರ್ತಿಕೇಯನ್ ಕೂಡ ಗ್ರಿಡ್‌ನಲ್ಲಿದ್ರು. ಶುಕ್ರವಾರದ ಮೊದಲ ಪ್ರಾಕ್ಟೀಸ್‌ನಲ್ಲೇ ಒಂದು ಬೀದಿನಾಯಿ ಟ್ರ್ಯಾಕ್‌ಗೆ ನುಗ್ಗಿ ಸೆಷನ್ ನಿಲ್ಲಿಸಬೇಕಾಯ್ತು. ನಮ್ಮಪ್ಪ ನಕ್ಕು, "ಕನಿಷ್ಠ ಟಿಕೆಟ್ 2,500 ರೂಪಾಯಿ, ಇದು ನೋಡು ಬಿಟ್ಟಿಯಾಗಿ ಬಂತು" ಅಂದಿದ್ರು. ಅಕ್ಟೋಬರ್ 30ರ ಭಾನುವಾರ ಅಲ್ಲಿ ರೇಸ್ ಆದ ದಿನವೇ ಇಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕಾನ್ಸರ್ಟ್ ನಡೀತು. ರೇಸ್ ವಾರದಲ್ಲೇ ಗುರುಗ್ರಾಮದಲ್ಲೂ ಅವರ ಕಾನ್ಸರ್ಟ್ ಆಗಬೇಕಿತ್ತು, ಅದು ರದ್ದಾಗಿತ್ತು.

ಅಂದ್ರೆ ರೇಸ್ ನಡೆಸೋಕೆ ನಮಗೆ ಬರುತ್ತೆ. ಟ್ರ್ಯಾಕ್ ಚೆನ್ನಾಗಿದೆ ಅಂತ ಡ್ರೈವರ್‌ಗಳೇ ಹೊಗಳಿದ್ರು. ಮೊದಲ ವರ್ಷ ಸುಮಾರು 95 ಸಾವಿರ ಜನ ಬಂದ್ರು. ಹಾಗಾದ್ರೆ ಮೂರೇ ವರ್ಷಕ್ಕೆ ಯಾಕೆ ನಿಂತ್ಹೋಯ್ತು? ಬಿ.ಕಾಂ ಓದಿದ್ದಕ್ಕೆ ಇಲ್ಲಾದ್ರೂ ಒಂದು ಉಪಯೋಗ ಆಗ್ಲಿ. ಒಂದು ಪೇಪರ್ ತಗೊಳ್ಳಿ, ಲೆಕ್ಕ ಬರೆಯೋಣ.

ರೇಸ್ ನಡೆಸೋ ಊರಿನವರಿಗೆ ಎಫ್‌1 ಕಂಪನಿ ದುಡ್ಡು ಕೊಡಲ್ಲ. ಊರಿನವರೇ ಅವರಿಗೆ ದುಡ್ಡು ಕೊಡಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ರೇಸ್ ನಡೆಸಿದ್ದು ಜೇಪೀ ಗ್ರೂಪ್ ಅನ್ನೋ ಖಾಸಗಿ ಕಂಪನಿ. ಆಮೇಲೆ ಕೋರ್ಟ್‌ಗೆ ಹೋದ ಕಾಗದಪತ್ರದಲ್ಲಿರೋ ಪ್ರಕಾರ ರೇಸ್ ನಡೆಸೋ ಹಕ್ಕಿಗೆ ಶುಲ್ಕ 40 ಮಿಲಿಯನ್ ಡಾಲರ್. 2011ರಲ್ಲಿ ಡಾಲರ್‌ಗೆ ಸುಮಾರು 49 ರೂಪಾಯಿ ಇತ್ತು. ಅಂದ್ರೆ ಹತ್ತಿರ ಹತ್ತಿರ 200 ಕೋಟಿ.

ಈಗ ಆದಾಯದ ಕಡೆ ಬನ್ನಿ. ಟಿವಿ ಹಕ್ಕು ಎಫ್‌1ನವರದ್ದು. ಟ್ರ್ಯಾಕ್ ಪಕ್ಕದ ಜಾಹೀರಾತು, ಶ್ರೀಮಂತರು ಕೂತು ಊಟ ಮಾಡೋ ಪ್ಯಾಡಕ್ ಕ್ಲಬ್, ರೇಸ್ ಹೆಸರಿನ ಮುಂದೆ ಬರೋ ಟೈಟಲ್ ಸ್ಪಾನ್ಸರ್, ಇವುಗಳ ಹಕ್ಕೂ ಎಫ್‌1ನ ಸೋದರ ಕಂಪನಿಗಳಿಗೇ ಹೋಗಿತ್ತು. ರೇಸ್ ನಡೆಸಿದವರಿಗೆ ಮುಖ್ಯವಾಗಿ ಉಳಿಯೋದು ಟಿಕೆಟ್ ದುಡ್ಡು. ಬಂದ 95 ಸಾವಿರ ಜನರೂ ತಲಾ ಹತ್ತು ಸಾವಿರ ಕೊಟ್ರು ಅಂತ ಉದಾರವಾಗಿ ಅಂದ್ಕೊಳ್ಳೋಣ. ಆಗ್ಲೂ 95 ಕೋಟಿ. ಶುಲ್ಕದ ಅರ್ಧವೂ ಬರಲಿಲ್ಲ. ಟ್ರ್ಯಾಕ್ ಕಟ್ಟೋಕೆ ಆದ ಖರ್ಚು ಸುಮಾರು 2,000 ಕೋಟಿ ಅಂತ ವರದಿಗಳಿದ್ವು, ಅದನ್ನ ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಎರಡನೇ ವರ್ಷ ಜನ ಇನ್ನೂ ಕಮ್ಮಿ ಬಂದ್ರು. 2013ರ ರೇಸ್ ಹೊತ್ತಿಗೆ ಡಾಲರ್ 61 ದಾಟಿತ್ತು. ಶುಲ್ಕ ಅಷ್ಟೇ ಇದ್ರೂ ರೂಪಾಯಿ ಲೆಕ್ಕದಲ್ಲಿ ನಲವತ್ತು ಕೋಟಿಗೂ ಮೀರಿ ಜಾಸ್ತಿ ಆಯ್ತು, ಟ್ರ್ಯಾಕ್‌ಗೆ ಒಂದು ಇಟ್ಟಿಗೆ ಸೇರಿಸದೇನೇ.

ಇಂಥ ಲೆಕ್ಕಕ್ಕೆ ಯಾವ ಕಂಪನಿ ಕೈ ಹಾಕುತ್ತೆ? ಜಾಗ ಇಟ್ಕೊಂಡಿರೋ ಕಂಪನಿ. ಜೇಪೀಗೆ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಆ ಭಾಗದಲ್ಲಿ 1,000 ಹೆಕ್ಟೇರ್ ಕೊಟ್ಟಿತ್ತು. ಎಕರೆ ಲೆಕ್ಕದಲ್ಲಿ ಸುಮಾರು 2,470. ರೇಸ್ ಟ್ರ್ಯಾಕ್ ಒಂದು ಮೂಲೆಯಲ್ಲಿ, ಸುತ್ತಲೂ ಸ್ಪೋರ್ಟ್ಸ್ ಸಿಟಿ ಹೆಸರಲ್ಲಿ ಅಪಾರ್ಟ್‌ಮೆಂಟು, ಪ್ಲಾಟು. ನಮ್ಮಲ್ಲಿ ಲೇಔಟ್ ಮಾಡೋರು ಗೇಟ್ ಹತ್ರ ಒಂದು ದೇವಸ್ಥಾನ, ಒಂದು ಪಾರ್ಕು ಮೊದಲೇ ಕಟ್ಟಿ ಸೈಟ್ ಮಾರ್ತಾರಲ್ಲ, ಎಫ್‌1 ಅಲ್ಲಿ ಆ ಕೆಲಸ ಮಾಡಬೇಕಿತ್ತು. ಅದೇ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಭೂಸ್ವಾಧೀನದ ಜಗಳ ಉರೀತಿತ್ತು. ಮೊದಲ ರೇಸ್‌ಗೆ ಐದು ತಿಂಗಳ ಮುಂಚೆ, 2011ರ ಮೇನಲ್ಲಿ, ಭಟ್ಟಾ ಪಾರ್ಸೌಲ್ ಹಳ್ಳಿಯಲ್ಲಿ ರೈತರು ಪೊಲೀಸರ ನಡುವೆ ಘರ್ಷಣೆ ಆಗಿ ಎರಡೂ ಕಡೆ ಜೀವ ಹೋದ್ವು. ಟಿವಿಯಲ್ಲಿ ರೇಸ್ ನೋಡ್ತಿದ್ದ ನನಗೆ ಆಗ ಅದು ಯಾವುದೂ ಗೊತ್ತಿರಲಿಲ್ಲ.

ಇನ್ನು ತೆರಿಗೆ. ಎಲ್ಲರೂ ಹೇಳೋ ಕಾರಣ ಇದು, ಆದ್ರೆ ಬಿಡಿಸಿ ಹೇಳೋರು ಕಮ್ಮಿ.

ಮೊದಲ ಜಗಳ, ಇದು ಕ್ರೀಡೆಯಾ ಮನರಂಜನೆಯಾ ಅನ್ನೋದು. ರೇಸ್ ಶುರುವಾಗೋಕೂ ಮುಂಚೆ, 2009ರಲ್ಲೇ ಕೇಂದ್ರದ ಕ್ರೀಡಾ ಸಚಿವಾಲಯ ಎಫ್‌1 ಕ್ರೀಡೆ ಅಲ್ಲ, ವ್ಯಾಪಾರ ಮತ್ತು ಮನರಂಜನೆ ಅಂದುಬಿಟ್ಟಿತ್ತು. ಉತ್ತರ ಪ್ರದೇಶ ಸರ್ಕಾರ ಟಿಕೆಟ್ ಮೇಲಿನ ಮನರಂಜನಾ ತೆರಿಗೆ ಮಾಫಿ ಮಾಡಿದಾಗ ಒಬ್ಬರು ಸುಪ್ರೀಂ ಕೋರ್ಟ್‌ಗೆ ಹೋದ್ರು. ಟಿಕೆಟ್ ದುಡ್ಡಿನ ಶೇ. 25ನ್ನ ಬೇರೆ ಖಾತೆಯಲ್ಲಿ ಇಡಿ ಅಂತ ಕೋರ್ಟ್ ಹೇಳಿತು. ಮೊದಲ ರೇಸ್‌ಗೆ ಹತ್ತು ದಿನವೂ ಇರಲಿಲ್ಲ ಆಗ.

ಎರಡನೇದು ಆದಾಯ ತೆರಿಗೆ. ಇದು ನನ್ನ ಫೇವರಿಟ್, ಸ್ವಲ್ಪ ಸಹಿಸಿಕೊಳ್ಳಿ. ಆ 40 ಮಿಲಿಯನ್ ಡಾಲರ್ ತಗೊಳ್ಳೋದು ಬ್ರಿಟನ್ ಕಂಪನಿ. ಅವರ ವಾದ ಏನಂದ್ರೆ, ನಮಗೆ ಭಾರತದಲ್ಲಿ ಆಫೀಸ್ ಇಲ್ಲ, ಅಂಗಡಿ ಇಲ್ಲ, ಮೂರು ದಿನ ಬಂದು ಹೋಗ್ತೀವಿ, ಇಲ್ಲಿ ತೆರಿಗೆ ಯಾಕೆ? ನಮ್ಮ ತೆರಿಗೆ ಇಲಾಖೆ ಒಪ್ಪಲಿಲ್ಲ. ಜಾತ್ರೆ ನೆನಪು ಮಾಡ್ಕೊಳ್ಳಿ. ವರ್ಷವಿಡೀ ಖಾಲಿ ಬಿದ್ದಿರೋ ಮೈದಾನಕ್ಕೆ ಒಬ್ಬ ಮೂರು ದಿನ ಬರ್ತಾನೆ. ಆ ಮೂರು ದಿನ ಬೀಗದ ಕೈ ಅವನ ಹತ್ರ. ಒಳಗೆ ಯಾರು ಬರಬೇಕು, ಯಾವ ಬೋರ್ಡ್ ಎಲ್ಲಿ ತೂಗಬೇಕು, ಎಲ್ಲ ಅವನದ್ದೇ ತೀರ್ಮಾನ, ವ್ಯಾಪಾರವೂ ಅಲ್ಲೇ. ಅದು ಅವನ ಅಂಗಡಿಯಾ ಅಲ್ವಾ? 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೌದು ಅಂತು. ಬುದ್ಧ್ ಸರ್ಕಿಟ್ ಆ ದಿನಗಳಲ್ಲಿ ಎಫ್‌1ನವರ ಹಿಡಿತದಲ್ಲಿತ್ತು, ಆದ್ದರಿಂದ ಅದು ಭಾರತದಲ್ಲಿ ಅವರ ಕಾಯಂ ನೆಲೆ, ಅದಕ್ಕೆ ಸೇರೋ ಆದಾಯಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು ಅಂತ ತೀರ್ಪು.

ತೀರ್ಪು ಸರಿಯಾಗಿದೆ ಅಂತ ನನ್ನ ಅಭಿಪ್ರಾಯ. ಊರ ಬೇಕರಿಯವನೂ ತೆರಿಗೆ ಕಟ್ತಾನೆ. ಆದ್ರೆ ಪರಿಣಾಮ ನೋಡಿ. ಮುಂದೆ ಯಾರೇ ರೇಸ್ ತರೋಕೆ ಹೋದ್ರೂ ಶುಲ್ಕದ ಜೊತೆ ಈ ತೆರಿಗೆ ಯಾರ ಜೇಬಿಂದ ಅನ್ನೋ ಪ್ರಶ್ನೆ ಮೊದಲು ಬರುತ್ತೆ. ತೆರಿಗೆ ಇಲ್ಲದ ದೇಶಗಳು ಚೆಕ್ ಬುಕ್ ಹಿಡ್ಕೊಂಡು ಕ್ಯೂನಲ್ಲಿ ನಿಂತಿರುವಾಗ ಎಫ್‌1ಗೆ ನಮ್ಮ ಜೊತೆ ತಲೆ ಕೆಡಿಸಿಕೊಳ್ಳೋ ಅವಸರ ಏನಿದೆ?

ಜೇಪೀ ಕಥೆ ಬೇಗ ಮುಗಿಸ್ತೀನಿ. 2020ರಲ್ಲಿ ಬಾಕಿ ಕಟ್ಟಿಲ್ಲ ಅಂತ ಪ್ರಾಧಿಕಾರ ಭೂಮಿ ಹಂಚಿಕೆ ರದ್ದು ಮಾಡಿತು, 2025ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಅಷ್ಟರಲ್ಲಿ ಗ್ರೂಪ್‌ನ ಮುಖ್ಯ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿತ್ತು. ಫ್ಲಾಟ್ ಬುಕ್ ಮಾಡಿದವರು ಇನ್ನೂ ಕೋರ್ಟ್ ಅಲೆದದ್ದು ಬೇರೆ ಎಪಿಸೋಡ್‌ಗೆ ಆಗುವಷ್ಟಿದೆ.

ಈಗ ಹಾಸನದ ತಮ್ಮನ ಸಿಂಗಾಪುರ. ಅಲ್ಲಿ 2008ರಿಂದ ರಾತ್ರಿ ರೇಸ್ ಇದೆ. ಗುಟ್ಟೇನೂ ಇಲ್ಲ: ಒಪ್ಪಿತ ಖರ್ಚಿನ ಶೇ. 60ರಷ್ಟನ್ನ ಸರ್ಕಾರವೇ ಕೊಡುತ್ತೆ, ಅದನ್ನ ಬಹಿರಂಗವಾಗಿ ಹೇಳುತ್ತೆ. ರೇಸ್ ಸಮಯದಲ್ಲಿ ರೂಮ್ ಬಾಡಿಗೆ ಏರಿಸೋ ಹೋಟೆಲ್‌ಗಳಿಂದ ಎಫ್‌1 ಸೆಸ್ ವಸೂಲಿ ಮಾಡುತ್ತೆ. ಲಾಭ ಯಾರಿಗೆ ಆಗುತ್ತೋ ಅವರಿಂದಲೇ ಒಂದು ಪಾಲು ವಾಪಸ್. ಇನ್ನೊಂದು ವಿಷ್ಯ ಜಾಗದ್ದು. ರೇಸ್ ಓಡೋದು ಊರಿನ ನಡುಮಧ್ಯೆ, ಮರೀನಾ ಬೇ ಸುತ್ತ. ಟಿವಿಯಲ್ಲಿ ಎರಡು ಗಂಟೆ ಕಾಣೋದೇ ಸಿಂಗಾಪುರ. ಗ್ರೇಟರ್ ನೋಯ್ಡಾ ರೇಸ್‌ನಲ್ಲಿ ಏನು ಕಾಣ್ತಿತ್ತು? ಗ್ರ್ಯಾಂಡ್‌ಸ್ಟ್ಯಾಂಡು, ಹಿಂದೆ ಮಂಜಿನಂಥ ಹೊಗೆ. ಪ್ರವಾಸೋದ್ಯಮದ ಹೆಸರಲ್ಲಿ ಖರ್ಚು ಮಾಡಿದ ಮೇಲೆ ಊರೇ ಕಾಣದಿದ್ರೆ ಹೇಗೆ? ಆದ್ರೆ ಇದೂ ಎಲ್ಲರಿಗೂ ಒಗ್ಗಲ್ಲ. ಪಕ್ಕದ ಮಲೇಷ್ಯಾ 1999ರಿಂದ ನಡೆಸಿ, ಹಾಕಿದ ದುಡ್ಡಿಗೆ ತಕ್ಕ ಪ್ರತಿಫಲ ಇಲ್ಲ ಅಂತ 2017ಕ್ಕೆ ಕೈಬಿಟ್ಟಿತು. ದಕ್ಷಿಣ ಕೊರಿಯಾ ಸೋಲ್‌ನಿಂದ ದೂರದ ಯೊಂಗಾಮ್‌ನಲ್ಲಿ ಟ್ರ್ಯಾಕ್ ಕಟ್ಟಿ ನಾಲ್ಕೇ ರೇಸ್‌ಗೆ ನಿಲ್ಲಿಸಿತು.

"ಹಾಗಾದ್ರೆ ನಮ್ಮಲ್ಲೂ ಊರೊಳಗೇ ಮಾಡೋಣ" ಅಂತೀರಾ? ಮಾಡಿ ನೋಡಿದ್ದಾರೆ. 2023ರ ಫೆಬ್ರವರಿಯಲ್ಲಿ ಹೈದರಾಬಾದ್‌ನ ಹುಸೇನ್ ಸಾಗರದ ಪಕ್ಕ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ನಡೀತು. ಚೆನ್ನಾಗೇ ಆಯ್ತು. ವರ್ಷದ ಕೊನೆಗೆ ಸರ್ಕಾರ ಬದಲಾಯ್ತು, 2024ರ ರೇಸ್ ರದ್ದು. ಪಾವತಿ ವಿಚಾರದಲ್ಲಿ ಕೇಸೂ ಆಯ್ತು, ಅದರ ಸರಿತಪ್ಪು ಕೋರ್ಟ್ ನೋಡ್ಕೊಳ್ಳುತ್ತೆ. ನಾನು ಗಮನಿಸಿದ್ದು ಇಷ್ಟೇ: ಒಂದು ಚುನಾವಣೆ ದಾಟೋ ಶಕ್ತಿ ಆ ಒಪ್ಪಂದಕ್ಕೆ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬುದ್ಧ್ ಸರ್ಕಿಟ್‌ಗೆ ಮೋಟೋಜಿಪಿ ಬೈಕ್ ರೇಸ್ ಬಂತು. ವೀಸಾ ತಡವಾಗಿ ಕೆಲವರು ಏರ್‌ಪೋರ್ಟಲ್ಲೇ ಕಾದ್ರು. ಬಿಸಿಲಿಗೆ ಹೆದರಿ ರೇಸನ್ನ 24 ಲ್ಯಾಪ್‌ನಿಂದ 21ಕ್ಕೆ ಇಳಿಸಿದ್ರು. ಮುಂದಿನ ವರ್ಷ ಅದೂ ಬರಲಿಲ್ಲ.

ಬೆಂಗಳೂರು? ಈ ಪ್ರಶ್ನೆ ಬಂದೇ ಬರುತ್ತೆ ಅಂತ ಗೊತ್ತು. ನಮ್ಮೂರಿನ ರಸ್ತೆಯನ್ನ ಒಂದು ವಾರ ಮುಚ್ಚಿ ರೇಸ್ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಅವರನ್ನ ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್‌ನಲ್ಲಿ ಬಿಟ್ಟು ಬರ್ತೀನಿ. ತಮಾಷೆ ಬದಿಗಿಟ್ಟು ಹೇಳೋದಾದ್ರೆ, ಕಾರ್ ರೇಸ್ ವಿಷಯದಲ್ಲಿ ಕರ್ನಾಟಕಕ್ಕೆ ಹೆಸರು ಬಂದಿರೋದು ಟ್ರ್ಯಾಕ್‌ನಿಂದ ಅಲ್ಲ. ಫೋರ್ಸ್ ಇಂಡಿಯಾ ತಂಡದ ಯಜಮಾನಿಕೆ ಬೆಂಗಳೂರಿನದ್ದಾಗಿತ್ತು. ಫ್ಯಾಕ್ಟರಿ ಮಾತ್ರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಅದರಲ್ಲಿ ಒಬ್ಬ ಭಾರತೀಯ ಡ್ರೈವರ್ ಕೂಡ ರೇಸ್ ಓಡಿಸಲಿಲ್ಲ. ಇನ್ನೊಂದು ಕಡೆ, ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಮಹಿಳಾ ವಿಭಾಗದ ಬಾಜಾ ವಿಶ್ವಕಪ್ ಗೆದ್ದ ಐಶ್ವರ್ಯ ಪಿಸ್ಸೆ ಬೆಂಗಳೂರಿನವರು. 2025ರಲ್ಲಿ ಮೊನಾಕೊದಲ್ಲಿ ಎಫ್‌2 ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ಕೂಡ. ಇವರ್ಯಾರಿಗೂ ನೋಯ್ಡಾದ ಮೂರು ರೇಸ್‌ಗಳು ದಾರಿ ಮಾಡಿಕೊಟ್ಟಿದ್ದಲ್ಲ.

ನನ್ನ ಮಾವನ ಹೋಮ್‌ಸ್ಟೇ ಚಿಕ್ಕಮಗಳೂರಿನ ಹತ್ರ ಇದೆ. ಅಲ್ಲಿನ ಕಾಫಿ ತೋಟಗಳ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆದಿವೆ. ಅದೂ ಅಂತಾರಾಷ್ಟ್ರೀಯ ರೇಸೇ. ಆ ವಾರ ಮಾವನ ರೂಮ್‌ಗಳೆಲ್ಲ ಭರ್ತಿ, ಮೆಕ್ಯಾನಿಕ್‌ಗಳಿಗೆ ಅತ್ತೆ ಬೆಳಿಗ್ಗೆ ಐದಕ್ಕೇ ಕಡುಬು ಬೇಯಿಸಿ ಕಳಿಸ್ತಿದ್ರು. ಯಾರ ಜಮೀನೂ ಹೋಗಲಿಲ್ಲ, ಸ್ಟೇಡಿಯಂ ಕಟ್ಟಲಿಲ್ಲ. ತೋಟದ ದಾರಿ ಮೊದಲೇ ಇತ್ತು, ರ‍್ಯಾಲಿ ಹೋದ ಮೇಲೂ ಅದರಲ್ಲಿ ಕಾಫಿ ಮೂಟೆ ಸಾಗ್ತಿತ್ತು.

ಹಾಗಾದ್ರೆ ನನ್ನ ವೋಟ್ ಎಲ್ಲಿಗೆ? ಎಫ್‌1 ಬರಲೇಬೇಕು ಅಂದ್ರೆ ಬುದ್ಧ್ ಸರ್ಕಿಟ್‌ಗೇ ಬರಲಿ, ಹೊಸದಾಗಿ ಎಲ್ಲೂ ಕಟ್ಟೋದು ಬೇಡ. "ಅಷ್ಟು ಕೋಟಿ ಸುರಿದಿದ್ದೀವಲ್ಲ" ಅನ್ನೋ ಕಾರಣಕ್ಕಲ್ಲ. ಹೋದ ದುಡ್ಡು ಹೋಯ್ತು, ಅದನ್ನ ನೋಡಿ ಮುಂದಿನ ತೀರ್ಮಾನ ಮಾಡಬಾರದು ಅಂತ ಮೊದಲ ವರ್ಷದ ಕಾಸ್ಟಿಂಗ್ ಕ್ಲಾಸಲ್ಲೇ ಹೇಳಿಕೊಡ್ತಾರೆ. ಮುಂದೆ ಆಗೋ ಖರ್ಚು ಅಲ್ಲಿ ಕಮ್ಮಿ, ಅಷ್ಟೇ ಕಾರಣ. ರಿಪೇರಿ ಮಾಡಿ ಎಫ್‌ಐಎ ಗ್ರೇಡ್ 1 ಮಾನ್ಯತೆ ತಗೋಬೇಕು, ಹತ್ತಿರದ ಜೇವರ್‌ನಲ್ಲಿ ಹೊಸ ಏರ್‌ಪೋರ್ಟ್‌ ಇದೆ.

ಆದ್ರೆ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಮೂರು ಅಂಕಿ ಜನರ ಮುಂದೆ ಇಡಬೇಕು. ಶುಲ್ಕ ಎಷ್ಟು, ಅದರ ತೆರಿಗೆ ಯಾರು ಕಟ್ತಾರೆ, ನಷ್ಟ ಆದ್ರೆ ಯಾವ ಖಜಾನೆಯಿಂದ ತುಂಬ್ತಾರೆ. ಇದಿಷ್ಟು ಹೇಳೋಕೆ ತಯಾರಿಲ್ಲದ ಸರ್ಕಾರ ರೇಸ್ ತರ್ತೀನಿ ಅಂದ್ರೆ ನಾನು ಬೇಡ ಅಂತೀನಿ, ಟಿಕೆಟ್ ಬಿಟ್ಟಿ ಕೊಟ್ರೂ. ಅದರ ಕಾಲು ಭಾಗದ ದುಡ್ಡನ್ನ ಕಾರ್ಟಿಂಗ್ ಟ್ರ್ಯಾಕ್‌ಗಳಿಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಟ್ಟುಕೋಟ್ಟೈನಂಥ ಹಳೇ ಟ್ರ್ಯಾಕ್‌ಗಳಿಗೆ, ಚಿಕ್ಕಮಗಳೂರಿನಂಥ ರ‍್ಯಾಲಿಗಳಿಗೆ ಹಾಕಿದ್ರೆ ಹಾಸನದ ತಮ್ಮ ಟಿವಿ ನೋಡೋ ಬದಲು ಸ್ಟೇರಿಂಗ್ ಹಿಡೀಬಹುದು.

ಒಪ್ಪಲ್ವಾ? ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ. 2011ರಲ್ಲಿ ನೋಯ್ಡಾಗೆ ಹೋಗಿ ರೇಸ್ ನೋಡಿ ಬಂದೋರು ಯಾರಾದ್ರೂ ಕೇಳ್ತಿದ್ರೆ ಟಿಕೆಟ್‌ನ ಫೋಟೋ ಕಳಿಸಿ. ನೀವು ಎಷ್ಟು ಕೊಟ್ರಿ ಅಂತ ನೋಡಿ ನನ್ನ 95 ಕೋಟಿ ಲೆಕ್ಕ ತಿದ್ಕೋತೀನಿ.