ಸಂಶೋಧನೆಗೂ ವೇತನವುಂಟು

ಹುಣಸೂರು ತಾಲ್ಲೂಕಿನ ಗುರುಪುರದಿಂದ ನಾಗರಹೊಳೆಯ ಅರಣ್ಯವು ದೂರವಲ್ಲ. ಆ ಅರಣ್ಯದಲ್ಲಿ ಹುಲಿಗಳೆಷ್ಟು? ಹುಲಿಯು ಎಣಿಸುವವನ ಮುಂದೆ ಸಾಲಾಗಿ ನಿಲ್ಲುವ ಪ್ರಾಣಿಯಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಬಳಿಕ ವನ್ಯಜೀವಿಗಳ ಅಧ್ಯಯನಕ್ಕೆ ತಿರುಗಿದ ಉಲ್ಲಾಸ ಕಾರಂತರು ಈ ಪ್ರಶ್ನೆಗೆ ನಾಗರಹೊಳೆಯಲ್ಲಿಯೇ ಉತ್ತರವನ್ನರಸಿದರು.

ಯಾವ ಎರಡು ಹುಲಿಗಳ ಪಟ್ಟೆಗಳೂ ಒಂದೇ ಬಗೆಯವಲ್ಲ. ಆದುದರಿಂದ, ಪ್ರಾಣಿ ಹಾದುಹೋದೊಡನೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಕಾಡುದಾರಿಗಳಲ್ಲಿ ಇರಿಸಿದರೆ ಒಂದೊಂದು ಹುಲಿಯನ್ನೂ ಗುರುತಿಸಬಹುದು. ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ದೊರೆಯಿತೆಂದು ಭಾವಿಸೋಣ. ಎರಡನೆಯ ಸುತ್ತಿನಲ್ಲಿಯೂ 20 ದೊರೆತು, ಅವುಗಳಲ್ಲಿ 10 ಹಿಂದೆ ಕಂಡವೇ ಆಗಿದ್ದರೆ, ಮೊದಲ ಸುತ್ತಿನಲ್ಲಿ ಕಂಡದ್ದು ಒಟ್ಟು ಸಂಖ್ಯೆಯ ಅರ್ಧ. ಅಂದರೆ ಹುಲಿಗಳು ಸುಮಾರು 40. ನಿಜವಾದ ಲೆಕ್ಕವು ಇದಕ್ಕಿಂತ ಸೂಕ್ಷ್ಮವಾದುದು. ತತ್ತ್ವ ಮಾತ್ರ ಇದೇ. ಕಾರಂತರಿಗೆ 1993ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿ ದೊರೆಯಿತು. ಈ ವಿಧಾನವನ್ನು ವಿವರಿಸುವ ಲೇಖನವು 1995ರಲ್ಲಿ ಪ್ರಕಟವಾಯಿತು.

ಇಂಥ ಕೆಲಸಕ್ಕೆ ವರ್ಷಗಳೇ ಬೇಕು. ಎಂ.ಎಸ್‌ಸಿ. ಮುಗಿಸಿದ ಮಗಳೋ ಮಗನೋ ಇನ್ನೂ ಐದು ವರ್ಷ ಓದುವೆನೆಂದರೆ, ಸಂಸಾರ ಸಾಗುವುದೆಂತು ಎಂದು ಹೆತ್ತವರು ಕೇಳುವುದು ಸಹಜ. ಆ ಪ್ರಶ್ನೆಗೂ ಉತ್ತರವುಂಟು.

ಜೀವವಿಜ್ಞಾನದ ಸಂಶೋಧನೆಗೆ ಮುಖ್ಯವಾದ ಹೆದ್ದಾರಿಯೆಂದರೆ ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ.ಗಳ ಜಂಟಿ ಪರೀಕ್ಷೆಯಾದ 'ನೆಟ್'. ಇದರಲ್ಲಿ ಕಿರಿಯ ಸಂಶೋಧಕರಾಗಿ ಆಯ್ಕೆಯಾದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಪ್ರಗತಿ ತೃಪ್ತಿಕರವಾಗಿದ್ದರೆ ಮುಂದಿನ ಮೂರು ವರ್ಷ 42,000 ರೂಪಾಯಿ. 2023ರ ಜನವರಿಯಿಂದ ಜಾರಿಗೆ ಬಂದ ಈ ದರಗಳ ಜೊತೆಗೆ ನಿಯಮಾನುಸಾರ ಮನೆಬಾಡಿಗೆ ಭತ್ಯೆಯೂ ಉಂಟು. ಆರೋಗ್ಯ ವಿಜ್ಞಾನಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ, ಜೈವಿಕ ತಂತ್ರಜ್ಞಾನಕ್ಕೆ ಕೇಂದ್ರ ಸರ್ಕಾರದ ಅದೇ ಹೆಸರಿನ ಇಲಾಖೆಯೂ ಇಂಥ ವೇತನಗಳನ್ನು ನೀಡುತ್ತವೆ. ಬಿ.ಎಸ್‌ಸಿ. ಆದವರು 'ಜಾಮ್' ಪರೀಕ್ಷೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ.ಗೆ ಪ್ರಯತ್ನಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ನೆಟ್' ತೇರ್ಗಡೆಯಾದವರೆಲ್ಲರಿಗೂ ಹಣ ದೊರೆಯುವುದಿಲ್ಲ. 2024ರಿಂದ ಫಲಿತಾಂಶದಲ್ಲಿ ಮೂರು ವರ್ಗಗಳಿವೆ: ಮೊದಲನೆಯದು ಸಂಶೋಧನ ವೇತನಕ್ಕೆ, ಎರಡನೆಯದು ಅಧ್ಯಾಪಕ ಹುದ್ದೆಯ ಅರ್ಹತೆಗೆ ಮತ್ತು ಪಿಎಚ್.ಡಿ. ಪ್ರವೇಶಕ್ಕೆ, ಮೂರನೆಯದು ಪ್ರವೇಶಕ್ಕೆ ಮಾತ್ರ. ಈ ವೇತನ ಸಿಗುವುದು ಮೊದಲ ವರ್ಗದವರಿಗೆ. ಆಯ್ಕೆಯಾದ ಬಳಿಕವೂ ವಿಶ್ವವಿದ್ಯಾನಿಲಯದಲ್ಲಿಯೋ ಪ್ರಯೋಗಾಲಯದಲ್ಲಿಯೋ ಮಾರ್ಗದರ್ಶಕರನ್ನು ಪಡೆದು, ಪಿಎಚ್.ಡಿ.ಗೆ ಹೆಸರು ನೋಂದಾಯಿಸಬೇಕು. ವೇತನ ಐದು ವರ್ಷಕ್ಕೆ ಮುಗಿಯುತ್ತದೆ. ಪ್ರಬಂಧ ಮಾತ್ರ ಕೆಲವೊಮ್ಮೆ ಮುಗಿದಿರುವುದಿಲ್ಲ. ಆದ್ದರಿಂದ ಸೇರುವ ಮುನ್ನವೇ ಆ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿಗಳಿಗೆ ಎಷ್ಟು ವರ್ಷ ಹಿಡಿಯಿತೆಂದು ವಿಚಾರಿಸುವುದು ಲೇಸು.

ಇದಕ್ಕೆಲ್ಲ ಬಹುದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ, ವಿಶ್ವವಿದ್ಯಾನಿಲಯವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಹೈಸ್ಕೂಲು ಮತ್ತು ಕಾಲೇಜಿನ ವಿದ್ಯಾರ್ಥಿಗಳು ಈಗಿನಿಂದಲೇ ಮಾಡಬಹುದಾದುದೊಂದುಂಟು. ಜೀವಶಾಸ್ತ್ರವನ್ನು ಆರಿಸಿಕೊಂಡೆವೆಂದು ಗಣಿತವನ್ನು ಕೈಬಿಡಬಾರದು. ನಾಗರಹೊಳೆಯ ಹುಲಿಯನ್ನು ಎಣಿಸಲು ಕ್ಯಾಮರಾದಷ್ಟೇ ಗಣಿತವೂ ಬೇಕಾಯಿತು.