ಬಂಧವನ್ನು ಅಳೆಯುವುದು ಹೇಗೆ?

ಎರಡು ಪರಮಾಣುಗಳ ನಡುವೆ ಒಂದು ಗೆರೆ ಎಳೆದರೆ ಏಕಬಂಧ, ಎರಡು ಎಳೆದರೆ ದ್ವಿಬಂಧ, ಮೂರು ಎಳೆದರೆ ತ್ರಿಬಂಧ ಎಂದು ನೀವು ಕಲಿತಿದ್ದೀರಿ. ಈ ಸಂಖ್ಯೆಯೇ ಬಂಧ ದರ್ಜೆ, ಅಂದರೆ ಬಾಂಡ್ ಆರ್ಡರ್. ಈಥೇನ್ ಅಣುವಿನಲ್ಲಿ ಎರಡು ಇಂಗಾಲಗಳ ನಡುವಿನ ದೂರ ಸುಮಾರು 154 ಪಿಕೋಮೀಟರ್. ದ್ವಿಬಂಧವಿರುವ ಎಥಿಲೀನಿನಲ್ಲಿ 134. ದರ್ಜೆ ಏರಿದಂತೆ ಬಂಧ ಗಿಡ್ಡವಾಗುತ್ತದೆ, ಗಟ್ಟಿಯಾಗುತ್ತದೆ. ಆದರೆ ಬೆಂಜೀನಿನ ಆರೂ ಇಂಗಾಲ ಬಂಧಗಳು ಒಂದೇ ಸಮ, ಉದ್ದ ಸುಮಾರು 140 ಪಿಕೋಮೀಟರ್. ಇಲ್ಲಿ ಎಷ್ಟು ಗೆರೆ ಎಳೆಯೋಣ?

ಬಂಧದ ಉದ್ದವನ್ನು ಪ್ರಯೋಗದಿಂದ ಅಳೆಯಬಹುದು. ಬಂಧ ದರ್ಜೆಯನ್ನು ನೇರವಾಗಿ ತೋರಿಸುವ ಉಪಕರಣ ಮಾತ್ರ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಅದನ್ನು ಲೆಕ್ಕದಿಂದಲೇ ಪಡೆಯಬೇಕು. ಕಂಪ್ಯೂಟರು ಷ್ರೋಡಿಂಗರ್ ಸಮೀಕರಣವನ್ನು ಅಂದಾಜಾಗಿ ಬಿಡಿಸಿ, ಅಣುವಿನ ಪ್ರತಿಯೊಂದು ಕಕ್ಷಕಕ್ಕೂ ಪರಮಾಣುಗಳ ಕೊಡುಗೆ ಎಷ್ಟೆಂಬುದನ್ನು ಗುಣಾಂಕಗಳ ರೂಪದಲ್ಲಿ ಕೊಡುತ್ತದೆ.

1939ರಲ್ಲಿ ಕೌಲ್ಸನ್ ಒಂದು ದಾರಿ ತೋರಿಸಿದರು. ನೆರೆಯ ಎರಡು ಪರಮಾಣುಗಳ ಗುಣಾಂಕಗಳನ್ನು ಗುಣಿಸಿ. ಆ ಕಕ್ಷಕದಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯಿಂದ ಮತ್ತೆ ಗುಣಿಸಿ. ಎಲ್ಲ ಕಕ್ಷಕಗಳ ಫಲವನ್ನು ಕೂಡಿಸಿ. ಬೆಂಜೀನಿನಲ್ಲಿ ಆರು ಪೈ ಎಲೆಕ್ಟ್ರಾನುಗಳು ಮೂರು ಕಕ್ಷಕಗಳನ್ನು ತುಂಬುತ್ತವೆ. ಕೆಳಗಿನ ಕಕ್ಷಕದಲ್ಲಿ ಗುಣಾಂಕಗಳ ಗುಣಲಬ್ಧ 1/6. ಎರಡು ಎಲೆಕ್ಟ್ರಾನುಗಳಿಗೆ ಅದು 1/3 ಆಗುತ್ತದೆ. ಉಳಿದೆರಡು ಕಕ್ಷಕಗಳು ಸೇರಿ ಇನ್ನೊಂದು 1/3. ಒಟ್ಟು 2/3. ಇದಕ್ಕೆ ಸಿಗ್ಮಾ ಬಂಧದ 1 ಸೇರಿಸಿದರೆ ದರ್ಜೆ ಸುಮಾರು 1.67.

1968ರಲ್ಲಿ ವೈಬರ್ಗ್ ಬೇರೊಂದು ಸೂಚ್ಯಂಕ ಕೊಟ್ಟರು. ಅದರಲ್ಲಿ ಇಂಥ ಸಂಖ್ಯೆಗಳ ವರ್ಗವನ್ನು ಕೂಡಿಸುತ್ತಾರೆ. 2/3ರ ವರ್ಗ 4/9. ಆಗ ಬೆಂಜೀನಿನ ದರ್ಜೆ ಸುಮಾರು 1.44. ಕೆಕುಲೆಯ ಎರಡು ಚಿತ್ರಗಳ ಸರಾಸರಿ ತೆಗೆದರೆ ಬರುವುದು 1.5.

ಹಾಗಾದರೆ ಯಾವುದು ಸರಿ? ಮೂರೂ ಬೇರೆ ಬೇರೆ ಅಳತೆಗೋಲುಗಳು. ಎಥಿಲೀನಿಗೆ ಮೂರೂ 2 ಎಂದೇ ಹೇಳುತ್ತವೆ. ಬೆಂಜೀನಿನ ಬಂಧ ಒಂದಕ್ಕೂ ಎರಡಕ್ಕೂ ನಡುವಿನದು ಎಂಬುದರಲ್ಲಿಯೂ ಒಮ್ಮತವಿದೆ. ಅಳತೆಮಾಡಿದ ಉದ್ದವೂ ಅದಕ್ಕೆ ಸಾಕ್ಷಿ. ಆದರೆ ಒಂದು ಕೋಲಿನಿಂದ ಅಳೆದದ್ದನ್ನು ಇನ್ನೊಂದು ಕೋಲಿನ ಅಳತೆಯೊಂದಿಗೆ ಹೋಲಿಸಬಾರದು.

ಇದು ಬರಿಯ ಪದಗಳ ಜಗಳವಲ್ಲ. ಎರಡೇ ಇಂಗಾಲಗಳ ಅಣುವನ್ನು ನೋಡಿ. ಬಂಧಕ ಎಲೆಕ್ಟ್ರಾನುಗಳಿಂದ ಪ್ರತಿಬಂಧಕ ಎಲೆಕ್ಟ್ರಾನುಗಳನ್ನು ಕಳೆದು ಎರಡರಿಂದ ಭಾಗಿಸುವ ಸರಳ ಲೆಕ್ಕದಲ್ಲಿ ಅದರ ದರ್ಜೆ 2. ಅಲ್ಲಿರುವುದು ನಾಲ್ಕು ಬಂಧ ಎಂದು ಶಾಯಿಕ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. ಹಲವರು ಒಪ್ಪಲಿಲ್ಲ.

ಆದ್ದರಿಂದ ಕಂಪ್ಯೂಟರು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಉತ್ತರ ಕೊಟ್ಟಾಗ ಮರುಳಾಗಬೇಡಿ. ಈ ಸಂಖ್ಯೆ ಯಾವ ವ್ಯಾಖ್ಯೆಯಿಂದ ಬಂದಿತು ಎಂದು ಮೊದಲು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಅಂಕಿಗೆ ಅರ್ಥ.