ಉಪ್ಪುಗಾಳಿಯಲ್ಲಿ ಉಕ್ಕಿನ ರಕ್ಷಣೆ: ಎಪಾಕ್ಸಿ ರಾಳ ಮತ್ತು ನ್ಯಾನೋ ಪದರಗಳು

ಮುಂಬಯಿಯನ್ನು ನವಿ ಮುಂಬಯಿಯೊಡನೆ ಜೋಡಿಸಲು ಠಾಣೆಯ ಕಡಲ ಹಿನ್ನೀರಿನ ಮೇಲೆ 1970ರ ದಶಕದ ಆದಿಯಲ್ಲಿ ನಿರ್ಮಿಸಲಾದ ಮೊದಲ ವಾಶಿ ಸೇತುವೆಯು ಬಹುಕಾಲ ಬಾಳಲಿಲ್ಲ. ಕಾಂಕ್ರೀಟಿನೊಳಗಿನ ಉಕ್ಕಿನ ಕೇಬಲುಗಳಿಗೆ ತುಕ್ಕು ತಗುಲಿ, ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸಬೇಕಾಯಿತು. 1990ರ ದಶಕದಲ್ಲಿ ಅದರ ಪಕ್ಕದಲ್ಲಿಯೇ ಎರಡನೆಯ ಸೇತುವೆಯನ್ನು ಕಟ್ಟಬೇಕಾಯಿತು. ಕಡಲತೀರದ ನಗರದಲ್ಲಿ ಉಕ್ಕಿಗೆ ಒದಗುವ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಸಿಮೆಂಟಿನ ತೀವ್ರ ಕ್ಷಾರಗುಣದಿಂದಾಗಿ ಕಾಂಕ್ರೀಟಿನೊಳಗಿನ ಉಕ್ಕಿನ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆಯೊಂದು ಮೂಡಿ ಅದನ್ನು ಕಾಯುತ್ತಿರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನುಗಳು ತೇವದೊಡನೆ ಒಳನುಸುಳಿ ಈ ಪೊರೆಯನ್ನು ಭೇದಿಸಿದೊಡನೆ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮುಂಬಯಿಯ ಹಳೆಯ ಕಟ್ಟಡಗಳ ನಿವಾಸಿಗಳಿಗೆ ಇದು ಅಪರಿಚಿತ ದೃಶ್ಯವಲ್ಲ. ಮೂವತ್ತು ವರ್ಷ ಮೀರಿದ ಕಟ್ಟಡಗಳ ದೃಢತೆಯ ತಪಾಸಣೆಯನ್ನು ಅಲ್ಲಿನ ಮಹಾನಗರಪಾಲಿಕೆಯ ಕಾಯಿದೆಯು ಕಡ್ಡಾಯಗೊಳಿಸಿರುವುದು ಈ ಕಾರಣದಿಂದಲೇ.

ಇಂತಹ ದುರಸ್ತಿಯಲ್ಲಿ ಬಿರುಕುಗಳಿಗೆ ತುಂಬುವುದಕ್ಕೂ ಉಕ್ಕಿಗೆ ಲೇಪಿಸುವುದಕ್ಕೂ ಬಳಕೆಯಾಗುವ ಪ್ರಮುಖ ವಸ್ತು ಎಪಾಕ್ಸಿ ರಾಳ. ಎರಡು ಟ್ಯೂಬುಗಳಲ್ಲಿ ಬರುವ ಅರಾಲ್ಡೈಟ್ ಅಂಟನ್ನು ಬಲ್ಲವರಿಗೆ ಇದರ ಪರಿಚಯವಿದೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ದ್ರವ್ಯ. ಇವೆರಡೂ ಬೆರೆತಾಗ ಅಣುಸರಪಳಿಗಳು ಬಲೆಯಂತೆ ಹೆಣೆದುಕೊಂಡು, ಮತ್ತೆ ಕರಗದ ಘನವಸ್ತು ಉಂಟಾಗುತ್ತದೆ. ಆದರೆ ಇದಕ್ಕೆ ಎರಡು ದೌರ್ಬಲ್ಯಗಳಿವೆ. ಪೆಟ್ಟು ಬಿದ್ದಾಗ ಸುಲಭವಾಗಿ ಬಿರಿಯುತ್ತದೆ. ವರ್ಷಗಳು ಕಳೆದಂತೆ ನೀರಿನ ಅಣುಗಳು ಮೆಲ್ಲನೆ ಅದರೊಳಗೆ ಹಾದುಹೋಗುತ್ತವೆ.

ಈ ದೌರ್ಬಲ್ಯಗಳನ್ನು ತಗ್ಗಿಸಲು ವಿಜ್ಞಾನಿಗಳು ದ್ವಿ-ಆಯಾಮಿ ನ್ಯಾನೋ ವಸ್ತುಗಳತ್ತ ಗಮನ ಹರಿಸಿದ್ದಾರೆ. ಉದ್ದ, ಅಗಲಗಳಿದ್ದು ದಪ್ಪವೆಂಬುದು ಇಲ್ಲವೆನ್ನುವಷ್ಟು ತೆಳುವಾದ ಹಾಳೆಗಳಿವು. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಚಿರೋಟಿಯಂತೆ ಪದರಪದರವಾಗಿರುತ್ತದೆ. ಅದರ ಒಂದೇ ಪದರವನ್ನು ಗ್ರಾಫೀನ್ ಎನ್ನುತ್ತಾರೆ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಪದರಗಳಿರುತ್ತವೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಈ ಪದರವನ್ನು ಬೇರ್ಪಡಿಸಿದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಮೆರಿಕದ ರೆನ್ಸೆಲಿಯರ್ ಪಾಲಿಟೆಕ್ನಿಕ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಎಪಾಕ್ಸಿಗೆ ತೂಕದಲ್ಲಿ ಕೇವಲ ಶೇಕಡಾ 0.1ರಷ್ಟು ಗ್ರಾಫೀನ್ ಚಕ್ಕೆಗಳನ್ನು ಬೆರೆಸಿದಾಗ, ಎಳೆತವನ್ನು ತಾಳುವ ಬಲ ಶೇಕಡಾ 40ರಷ್ಟೂ, ಬಿರುಕು ಹರಡುವುದನ್ನು ತಡೆಯುವ ಶಕ್ತಿ ಸುಮಾರು ಶೇಕಡಾ 53ರಷ್ಟೂ ಹೆಚ್ಚಿದವು. ನೇರವಾಗಿ ಸಾಗಬೇಕಾದ ಬಿರುಕು ಹಾಳೆಗೆ ತಾಗಿ ದಿಕ್ಕು ಬದಲಿಸುತ್ತದೆ. ಹಾಗೆ ಬಳಸುವಾಗ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ನೀರಿನ ವಿಷಯದಲ್ಲಿಯೂ ಹೀಗೆಯೇ. ಹಾಳೆಯನ್ನು ಭೇದಿಸಲಾರದೆ ಅಣುಗಳು ಸುತ್ತಿ ಸುತ್ತಿ ಸಾಗಬೇಕಾಗುತ್ತದೆ. ಉಕ್ಕನ್ನು ತಲುಪುವುದು ತಡವಾಗುತ್ತದೆ. ಇದು ತೀರ ಹೊಸ ಕಲ್ಪನೆಯೇನಲ್ಲ. ಕಾಗೆಬಂಗಾರದ ಚಕ್ಕೆಗಳನ್ನು ಬಣ್ಣಗಳಲ್ಲಿ ಬೆರೆಸುವ ಪದ್ಧತಿ ಇದಕ್ಕಿಂತ ಬಹಳ ಹಿಂದಿನದು.

ತೊಡಕು ಇರುವುದು ಬೆರೆಸುವುದರಲ್ಲಿ. ಈ ಹಾಳೆಗಳು ಒಂದನ್ನೊಂದು ಸೆಳೆದು ಬಿಸಿನೀರಿಗೆ ಸುರಿದ ಹಿಟ್ಟಿನಂತೆ ಗಂಟುಕಟ್ಟುತ್ತವೆ. ಗಂಟು ಇರುವಲ್ಲಿಯೇ ಬಿರುಕು ಹುಟ್ಟುವುದರಿಂದ, ಹೆಚ್ಚು ಸೇರಿಸಿದಷ್ಟೂ ಲಾಭವೆಂಬ ಲೆಕ್ಕ ಇಲ್ಲಿ ಸಲ್ಲದು. ಇನ್ನೊಂದು ಸಮಸ್ಯೆ ಹೆಚ್ಚು ಗಂಭೀರವಾದುದು. ಗ್ರಾಫೀನ್ ವಿದ್ಯುದ್ವಾಹಕ. ಲೇಪ ಗೀರಿಹೋದ ಜಾಗದಲ್ಲಿ ಅದು ಉಕ್ಕಿನ ಸಂಪರ್ಕಕ್ಕೆ ಬಂದರೆ ವಿದ್ಯುತ್‌ಕೋಶದಂತೆ ವರ್ತಿಸಿ ತುಕ್ಕನ್ನು ತ್ವರಿತಗೊಳಿಸಬಲ್ಲದು. ಬರಿಯ ಗ್ರಾಫೀನ್ ಹೊದಿಸಿದ ತಾಮ್ರವು ದೀರ್ಘಕಾಲದಲ್ಲಿ ಹೊದಿಕೆಯಿಲ್ಲದ ತಾಮ್ರಕ್ಕಿಂತಲೂ ಹೆಚ್ಚು ಹಾಳಾಗುವುದನ್ನು 2013ರಲ್ಲಿ ಬರ್ಕ್ಲಿಯ ಸಂಶೋಧಕರು ತೋರಿಸಿದರು. ಆದುದರಿಂದ ವಿದ್ಯುತ್ತನ್ನು ಹರಿಯಗೊಡದ ಬೋರಾನ್ ನೈಟ್ರೈಡ್ ಮತ್ತು ಪದರಯುಕ್ತ ಜೇಡಿಗಳ ಬಗೆಗೂ ಸಂಶೋಧನೆ ನಡೆದಿದೆ.

ಮಾರುಕಟ್ಟೆಯ ಡಬ್ಬಿಗಳ ಮೇಲೆ 'ನ್ಯಾನೋ' ಎಂಬ ಪದ ಇತ್ತೀಚೆಗೆ ಧಾರಾಳವಾಗಿ ಕಾಣಿಸುತ್ತದೆ. ಅಷ್ಟರಿಂದಲೇ ಲೇಪವು ಉತ್ತಮವೆಂದು ಭಾವಿಸಲಾಗದು. ಅಮೆರಿಕದ ಫ್ಲಾರಿಡಾ ಕಡಲತೀರದ ಸೇತುವೆಯೊಂದರಲ್ಲಿ ಎಪಾಕ್ಸಿ ಲೇಪಿತ ಸರಳುಗಳೇ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದುದು 1986ರಲ್ಲಿ ಬೆಳಕಿಗೆ ಬಂದಿತು. ನಮ್ಮಲ್ಲಿ ಇಂತಹ ಸರಳುಗಳಿಗೆ ಭಾರತೀಯ ಮಾನಕ ಸಂಸ್ಥೆಯು ಐಎಸ್ 13620 ಎಂಬ ಮಾನಕವನ್ನು 1993ರಲ್ಲಿ ಪ್ರಕಟಿಸಿತು. ಕಟ್ಟಡದ ದುರಸ್ತಿಯನ್ನು ಕೈಗೊಳ್ಳುವ ವಸತಿ ಸಹಕಾರ ಸಂಘಗಳು, ಹಳೆಯ ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿ ತೆಗೆಯಲಾಗಿದೆಯೇ, ಮೇಲ್ಮೈ ಒಣಗಿದೆಯೇ, ರಾಳ ಮತ್ತು ಗಟ್ಟಿಕಾರಕಗಳನ್ನು ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬೆರೆಸಲಾಗಿದೆಯೇ ಎಂಬುದನ್ನು ಲೇಪನಕ್ಕೆ ಮುನ್ನವೇ ಎಂಜಿನಿಯರರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಮಳೆಗಾಲದ ನಡುವೆ ಈ ಕೆಲಸವನ್ನು ಹಿಡಿಯದಿರುವುದು ಲೇಸು.